ಮಂಗಳೂರಾ, ಉಡುಪಿಯಾ, ಮಣಿಪಾಲವಾ, ಕುಂದಾಪುರವಾ? ಕರಾವಳಿಯಲ್ಲಿ ಮನೆ ಹಿಡಿಯುವ ಮುಂಚೆ

ಬೆಂಗಳೂರಿನಿಂದ, ಮುಂಬೈಯಿಂದ, ಗಲ್ಫ್‌ನಿಂದ ಊರ ಕಡೆ ಬರಬೇಕು ಅಂದುಕೊಂಡವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಕರಾವಳಿ ಅಂತ ಗಟ್ಟಿ ಮಾಡಿ ಆಗಿದೆ, ಆದರೆ ಕರಾವಳಿಯಲ್ಲಿ ಎಲ್ಲಿ? ಮಂಗಳೂರು ನಗರದೊಳಗೆ ಫ್ಲಾಟ್ ತೆಗೆದುಕೊಳ್ಳುವುದಾ, ಸುರತ್ಕಲ್ ಕಡೆ ಹೋಗುವುದಾ, ಉಡುಪಿಯಾ, ಮಣಿಪಾಲವಾ, ಇಲ್ಲ ಕುಂದಾಪುರದ ಹತ್ತಿರ ಕಡಲ ಬದಿಯಲ್ಲಿ ಹತ್ತು ಸೆಂಟ್ಸ್ ಜಾಗ ನೋಡಿ ಮನೆ ಕಟ್ಟುವುದಾ? ಅಷ್ಟೆಲ್ಲ ಯಾಕೆ, ಗೋವಾಕ್ಕೇ ಹೋಗಬಾರದಾ ಅಂತ ಕೇಳುವವರೂ ಇದ್ದಾರೆ.

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಡಿಸೆಂಬರ್ ರಜೆಯಲ್ಲಿ ಬಂದು ನೋಡಿ ಊರು ಆರಿಸಬೇಡಿ. ಆ ಹೊತ್ತಿಗೆ ಇಲ್ಲಿ ಎಲ್ಲ ಊರೂ ಚಂದ. ಬೆಳಿಗ್ಗೆ ತಂಪು, ರಾತ್ರಿ ಯಕ್ಷಗಾನ, ಬಾವಿ ತುಂಬ ನೀರು, ಮಾರ್ಕೆಟ್ ತುಂಬ ಬಂಗುಡೆ. ನೋಡಬೇಕಾದ್ದು ಮೇ ಮತ್ತು ಜುಲೈ. ಮೇ ತಿಂಗಳಲ್ಲಿ ನೀರು ಇರುವ, ಜುಲೈ ತಿಂಗಳಲ್ಲಿ ನೀರು ನುಗ್ಗದ ಮನೆ ಸಿಕ್ಕಿದರೆ ಉಳಿದ ಹತ್ತು ತಿಂಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಯಾವುದನ್ನು ನೋಡಿ ಅಳೆಯಬೇಕು

ಮಳೆಯಿಂದ ಶುರು ಮಾಡುತ್ತೇನೆ, ಏಕೆಂದರೆ ಹೊರಗಿನಿಂದ ಬಂದವರು ಇದನ್ನೇ ಹಗುರಾಗಿ ತೆಗೆದುಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 1,000 ಮಿಲಿಮೀಟರ್ ಮಳೆ. ಉಡುಪಿಯಲ್ಲಿ 4,000ದ ಆಸುಪಾಸು, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬಟ್ಟೆ ದಿನಗಟ್ಟಲೆ ಒಣಗುವುದಿಲ್ಲ. ಕಪಾಟಿನಲ್ಲಿಟ್ಟ ಬೆಲ್ಟು, ಚಪ್ಪಲಿ, ಪುಸ್ತಕ ಎಲ್ಲಕ್ಕೂ ಬೂಸ್ಟು ಹಿಡಿಯುತ್ತದೆ. ಇಲ್ಲಿನವರು ತಾರಸಿ ಮೇಲೆ ಶೀಟ್ ಹಾಕಿಸುವುದು ಸುಮ್ನೆ ಅಲ್ಲ. ಸೋರುವುದು ನಿಲ್ಲುತ್ತದೆ, ಬಟ್ಟೆ ಒಣಗಿಸಲು ಜಾಗ ಆಗುತ್ತದೆ, ಬೇಸಗೆಯಲ್ಲಿ ಕೆಳಗಿನ ಕೋಣೆಗೆ ಬಿಸಿಲ ಕಾವು ಕಡಿಮೆ ತಟ್ಟುತ್ತದೆ. ಬಾಡಿಗೆ ಮನೆ ನೋಡುವಾಗ ಪಡುವಣ ದಿಕ್ಕಿನ ಗೋಡೆ ಮುಟ್ಟಿ ನೋಡಿ. ಗಾಳಿಮಳೆ ಬಂದು ಬಡಿಯುವುದು ಆ ಕಡೆಯಿಂದಲೇ. ಅಲ್ಲಿ ಪೇಂಟ್ ಉಬ್ಬಿ ಎದ್ದಿದ್ದರೆ ಮಳೆಗಾಲದಲ್ಲಿ ಆ ಕೋಣೆಯಲ್ಲಿ ಮಲಗುವುದು ಕಷ್ಟ.

ಇಷ್ಟು ಮಳೆ ಬಿದ್ದೂ ಬೇಸಗೆಯಲ್ಲಿ ನೀರಿಲ್ಲ ಅಂದರೆ ಹೊಸಬರು ನಂಬುವುದಿಲ್ಲ. ನೆಲ ಕಡಲ ಕಡೆಗೆ ಇಳಿಜಾರು, ಬಿದ್ದ ಮಳೆ ತೋಡು, ಹೊಳೆ ಹಿಡಿದು ಬೇಗ ಸಮುದ್ರ ಸೇರಿಬಿಡುತ್ತದೆ. ಮಂಗಳೂರಿಗೆ ನೀರು ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ, ಉಡುಪಿಗೆ ಸ್ವರ್ಣಾ ನದಿಯ ಬಜೆಯಿಂದ. ಮುಂಗಾರು ತಡವಾದರೆ ಎರಡೂ ಕಡೆ ದಿನ ಬಿಟ್ಟು ದಿನ ನೀರು ಬಿಡುವ ಮಾತು ಶುರುವಾಗುತ್ತದೆ. 2019ರ ಬೇಸಗೆಯಲ್ಲಿ ಎರಡೂ ಊರು ನೀರಿಗಾಗಿ ಪರದಾಡಿದ್ದನ್ನು ಇಲ್ಲಿನವರು ಮರೆತಿಲ್ಲ. ಆದ್ದರಿಂದ ಯಾವ ಮನೆ ನೋಡಿದರೂ ಮಾಲೀಕರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ: ಏಪ್ರಿಲ್ ಕೊನೆಯಲ್ಲಿ ಬಾವಿಯಲ್ಲಿ ನೀರು ಎಷ್ಟಿರುತ್ತದೆ, ಟ್ಯಾಂಕರ್ ತರಿಸುತ್ತೀರಾ, ನೀರು ಉಪ್ಪಾಗುತ್ತದಾ? ಬತ್ತದ ಬಾವಿ ಇರುವ ಹಳೆಯ ಹಂಚಿನ ಮನೆ ಹೊಸ ಫ್ಲಾಟ್‌ಗಿಂತ ಎಷ್ಟೋ ವಾಸಿ.

ಸೆಕೆಯ ಬಗ್ಗೆಯೂ ಒಂದು ಮಾತು. ಮಾರ್ಚ್‌ನಿಂದ ಮೇವರೆಗೆ ಉಷ್ಣಾಂಶ 35, 36 ಡಿಗ್ರಿ ಅಂತ ನೋಡಿ ಕಲಬುರಗಿ, ರಾಯಚೂರಿನವರಿಗೆ ಇದೇನು ಅನ್ನಿಸಬಹುದು. ಆದರೆ ಗಾಳಿಯಲ್ಲಿ ತೇವ ಜಾಸ್ತಿ ಇರುವುದರಿಂದ ಬೆವರು ಆರುವುದಿಲ್ಲ, ಸ್ನಾನ ಮಾಡಿ ಬಂದ ಹತ್ತು ನಿಮಿಷಕ್ಕೆ ಮತ್ತೆ ಒದ್ದೆ. ಎಸಿ ಇಲ್ಲದೆ ಮಲಗಲು ಆಗದವರು ಕರೆಂಟ್ ಬಿಲ್ಲನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಉಳಿದವು ಬೇಗ ಹೇಳುತ್ತೇನೆ. ಆಸ್ಪತ್ರೆ ಎಷ್ಟು ದೂರ. ದಿನದ ಓಡಾಟ ಬಸ್ಸಿನಲ್ಲಾ, ಕಾರಿನಲ್ಲಾ. ದುಡಿಮೆ ಇಲ್ಲೇ ಹುಡುಕಬೇಕಾ, ಮನೆಯಿಂದಲೇ ಆಗುತ್ತದಾ. ಮಕ್ಕಳ ಓದು. ಆಮೇಲೆ ಖರ್ಚು. ಶಾಲೆ ವಿಷಯದಲ್ಲಿ ಈ ಎರಡೂ ಜಿಲ್ಲೆಯವರು ಅಷ್ಟು ಚಿಂತೆ ಮಾಡಬೇಕಾಗಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದಲ್ಲಿ ಉಡುಪಿ, ದಕ್ಷಿಣ ಕನ್ನಡ ಮೇಲಿನ ಸಾಲಿನಲ್ಲೇ ಇರುತ್ತವೆ, ಸಣ್ಣ ಪೇಟೆಯಲ್ಲೂ ಒಳ್ಳೆಯ ಶಾಲೆ ಸಿಗುತ್ತದೆ.

ಮಂಗಳೂರು ನಗರ

ಇಲ್ಲೇ ಕೆಲಸ ಹುಡುಕಬೇಕು ಅನ್ನುವವರಿಗೆ ಮಂಗಳೂರು ಬಿಟ್ಟರೆ ಬೇರೆ ದೊಡ್ಡ ಆಯ್ಕೆ ಇಲ್ಲ. ಪಣಂಬೂರಿನ ಬಂದರು, ಎಂಆರ್‌ಪಿಎಲ್, ಬೈಕಂಪಾಡಿಯ ಕಾರ್ಖಾನೆಗಳು, ಮುಡಿಪುವಿನ ಇನ್ಫೋಸಿಸ್, ಕರ್ಣಾಟಕ ಬ್ಯಾಂಕಿನ ಕೇಂದ್ರ ಕಚೇರಿ, ಸಾಲು ಸಾಲು ಕಾಲೇಜು, ಆಸ್ಪತ್ರೆ. ಬ್ಯಾಂಕ್ ಕೆಲಸ ಅಂದರೆ ಮಂಗಳೂರು ಅನ್ನುವ ಕಾಲ ಮಾತ್ರ ಹೋಯಿತು. ವಿಜಯ ಬ್ಯಾಂಕ್ 2019ರಲ್ಲಿ, ಕಾರ್ಪೊರೇಶನ್ ಬ್ಯಾಂಕ್ ಮತ್ತು ಮಣಿಪಾಲದ ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಬೇರೆ ಬ್ಯಾಂಕ್‌ಗಳಲ್ಲಿ ಸೇರಿಹೋದವು. ಆ ನಷ್ಟ ಈಗಲೂ ನೋಯುತ್ತದೆ.

ಆಸ್ಪತ್ರೆಯ ವಿಷಯದಲ್ಲಿ ಇದಕ್ಕೆ ಸಾಟಿ ಇಲ್ಲ. ಫಾದರ್ ಮುಲ್ಲರ್, ಕೆಎಂಸಿ, ಎಜೆ, ದೇರಳಕಟ್ಟೆ ಕಡೆ ಯೆನೆಪೋಯ ಮತ್ತು ಕೆ.ಎಸ್. ಹೆಗ್ಡೆ, ಜೊತೆಗೆ ಸರ್ಕಾರದ ವೆನ್ಲಾಕ್. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಬರುವವರು, ಅದರಲ್ಲೂ ಒಂದೇ ಆಸ್ಪತ್ರೆಗೆ ಅಂಟಿಕೊಳ್ಳದೆ ಎರಡನೇ ಅಭಿಪ್ರಾಯ ಕೇಳುವ ಅಭ್ಯಾಸ ಇರುವವರು, ನಗರದೊಳಗೇ ಇರಿ ಅಂತ ನಾನು ಒತ್ತಿ ಹೇಳುತ್ತೇನೆ. ವಿಮಾನ ನಿಲ್ದಾಣ ಬಜಪೆಯಲ್ಲಿದೆ, ಗಲ್ಫ್‌ಗೆ ಹೋಗಿಬರುವ ಕುಟುಂಬಗಳಿಗೆ ಅದೊಂದೇ ಸಾಕಷ್ಟು ದೊಡ್ಡ ಕಾರಣ.

ಜಾಗ ಆರಿಸುವಾಗ ಮೊದಲು ಕೇಳಿಕೊಳ್ಳಬೇಕಾದ್ದು ಇದು: ನಿಮ್ಮ ಕೆಲಸ ನೇತ್ರಾವತಿ ಸೇತುವೆಯ ಯಾವ ಬದಿ? ಮುಡಿಪು, ದೇರಳಕಟ್ಟೆಯಲ್ಲಿ ಕೆಲಸ ಇಟ್ಟುಕೊಂಡು ಕೊಟ್ಟಾರದಲ್ಲಿ ಮನೆ ಮಾಡಿದರೆ ದಿನವೂ ಪಂಪ್‌ವೆಲ್, ಸೇತುವೆ, ತೊಕ್ಕೊಟ್ಟು ದಾಟಬೇಕು, ಸಂಜೆ ಹೊತ್ತು ಅಲ್ಲಿ ವಾಹನ ಸಾಲುಗಟ್ಟಿ ನಿಂತರೆ ತಾಳ್ಮೆ ಎಲ್ಲ ಅಲ್ಲೇ ಖರ್ಚಾಗುತ್ತದೆ. ಬಂದರು, ಬೈಕಂಪಾಡಿ ಕಡೆ ಕೆಲಸ ಇದ್ದವರಿಗೆ ಕಾವೂರು, ಕೂಳೂರು, ಸುರತ್ಕಲ್ ಸರಿ. ಕದ್ರಿ, ಬಿಜೈ, ಬೆಂದೂರ್‌ವೆಲ್ ಎಲ್ಲಕ್ಕೂ ಹತ್ತಿರ, ಬಾಡಿಗೆಯೂ ಅದಕ್ಕೆ ತಕ್ಕಂತೆ. ಸ್ವಲ್ಪ ಕಡಿಮೆಗೆ ಬೇಕಾದರೆ ಕುಲಶೇಖರ, ಶಕ್ತಿನಗರ, ವಾಮಂಜೂರು ನೋಡಿ.

ನಗರ ಇರುವುದು ಗುಡ್ಡ ಮತ್ತು ತಗ್ಗಿನಲ್ಲಿ. ಜೋರು ಮಳೆ ಬಂದ ದಿನ ಕೊಟ್ಟಾರ ಚೌಕಿ, ಪಂಪ್‌ವೆಲ್‌ನಂಥ ತಗ್ಗು ಜಾಗದಲ್ಲಿ ನೀರು ನಿಲ್ಲುತ್ತದೆ. ಪತ್ರಿಕೆಯವರು ಇದಕ್ಕೆ ಕೃತಕ ನೆರೆ ಅನ್ನುತ್ತಾರೆ, ರಾಜಕಾಲುವೆ ಕಿರಿದು ಮಾಡಿ ತೋಡು ಮುಚ್ಚಿದ್ದರ ಫಲ. ಗುಡ್ಡದ ಮೇಲಿನ ಮನೆಗೆ ಈ ಭಯ ಇಲ್ಲ, ಆದರೆ ಗುಡ್ಡ ಕಡಿದು ನೇರ ಗೋಡೆ ಹಾಗೆ ನಿಲ್ಲಿಸಿದ ಮಣ್ಣಿನ ಬುಡದಲ್ಲಿ ಮನೆ ಇದ್ದರೆ ದಯವಿಟ್ಟು ಬೇಡ. ಮಳೆಗಾಲದಲ್ಲಿ ಧರೆ ಕುಸಿದು ಜೀವ ಹೋದ ಸುದ್ದಿ ಈ ಜಿಲ್ಲೆಯಲ್ಲಿ ಹೊಸದಲ್ಲ.

ಬಸ್ಸಿನ ಬಗ್ಗೆ ಹೊರಗಿನವರಿಗೆ ಗೊತ್ತಿಲ್ಲದ ವಿಷಯ ಒಂದಿದೆ. ಇಲ್ಲಿ ಸಿಟಿ ಬಸ್ಸು ಹೆಚ್ಚಿನವು ಖಾಸಗಿ. ಮೂಲೆಮೂಲೆಗೂ ಹೋಗುತ್ತವೆ, ಕಾಯಬೇಕಾಗಿಲ್ಲ. ಆದರೆ 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ. ಮೈಸೂರು, ಬೆಂಗಳೂರಿನಲ್ಲಿ ಉಚಿತವಾಗಿ ಓಡಾಡುತ್ತಿದ್ದ ಹೆಂಗಸರು ಇಲ್ಲಿ ದಿನವೂ ಟಿಕೆಟ್ ದುಡ್ಡು ಕೊಡಬೇಕಾಗುತ್ತದೆ. ಕೆಲಸಕ್ಕೆ ಹೋಗುವ ಇಬ್ಬರು ಹೆಂಗಸರಿರುವ ಮನೆಯಲ್ಲಿ ತಿಂಗಳ ಕೊನೆಗೆ ಅದು ಸಣ್ಣ ಮೊತ್ತ ಅಲ್ಲ.

ಸುರತ್ಕಲ್, ಮೂಲ್ಕಿ ಕಡೆ

ನಗರದ ಗದ್ದಲ ಬೇಡ, ನಗರದ ಸೌಕರ್ಯ ಕೈಗೆ ಸಿಗಬೇಕು ಅನ್ನುವವರಿಗೆ ಈ ಭಾಗ. ಎನ್‌ಐಟಿಕೆ ಇಲ್ಲೇ ಇದೆ, ಸಮುದ್ರ ನಡೆದುಹೋಗುವಷ್ಟು ಹತ್ತಿರ, ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸುಗಳು ಇದೇ ದಾರಿಯಲ್ಲಿ. ತೊಂದರೆ ಎರಡು: ಬಂದರಿನ ಲಾರಿಗಳು, ಮತ್ತೆ ಕಾರ್ಖಾನೆಗಳ ಹತ್ತಿರದಲ್ಲಿ ಗಾಳಿಯ ವಾಸನೆ. ಉಬ್ಬಸ ಇರುವವರು ಮನೆಯಲ್ಲಿದ್ದರೆ ಒಂದು ರಾತ್ರಿ ಅಲ್ಲಿ ಕಳೆದು ನೋಡದೆ ಅಡ್ವಾನ್ಸ್ ಕೊಡಬೇಡಿ. ಇನ್ನೂ ಉತ್ತರಕ್ಕೆ ಹಳೆಯಂಗಡಿ, ಮೂಲ್ಕಿ, ಕಿನ್ನಿಗೋಳಿಗೆ ಹೋದರೆ ಅದೆಲ್ಲ ಇಲ್ಲ, ತೋಟದ ನಡುವೆ ಮನೆ ಸಿಗುತ್ತದೆ. ನಿವೃತ್ತಿಯಾದ, ಸ್ವಂತ ವಾಹನ ಓಡಿಸುವ ದಂಪತಿಗೆ ನನ್ನ ಮೊದಲ ಸಲಹೆ ಮೂಲ್ಕಿ.

ಉಡುಪಿ ಮತ್ತು ಮಣಿಪಾಲ

ಎರಡಕ್ಕೂ ನಡುವೆ ಐದೇ ಕಿಲೋಮೀಟರ್, ಎರಡೂ ಒಂದೇ ನಗರಸಭೆಯೊಳಗೆ. ಆದರೆ ಇರುವ ರೀತಿ ಪೂರ್ತಿ ಬೇರೆ.

ಉಡುಪಿ ಹಳೆಯ ಪೇಟೆ. ರಥಬೀದಿ, ಮಠ, ಮಾರ್ಕೆಟ್, ಬಸ್ ಸ್ಟ್ಯಾಂಡ್ ಎಲ್ಲ ನಡೆದೇ ಮುಗಿಸಬಹುದು. ಮಲ್ಪೆ ಬಂದರಿನ ಮೀನು ತಾಜಾ, ಹೋಟೆಲ್ ಊಟ ಇವತ್ತಿಗೂ ಬೆಂಗಳೂರಿಗಿಂತ ಅಗ್ಗ. ಸಂಬಳದ ಕೆಲಸ ಮಾತ್ರ ಕಡಿಮೆ. ಪಿಂಚಣಿ ಮೇಲೆ ಬದುಕುವವರಿಗೆ, ಕಾರು ಓಡಿಸದವರಿಗೆ, ದೇವಸ್ಥಾನ, ಯಕ್ಷಗಾನ, ಸಂಗೀತ ಇಷ್ಟ ಇರುವವರಿಗೆ ಇದಕ್ಕಿಂತ ಹೊಂದುವ ಊರು ನನಗೆ ಗೊತ್ತಿಲ್ಲ. ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಕೃಷ್ಣ ಮಠದ ಪರ್ಯಾಯ ಉತ್ಸವ ಬಂದಾಗ ಮಾತ್ರ ಪೇಟೆಯಲ್ಲಿ ಗಾಡಿ ತೆಗೆಯುವಂತಿಲ್ಲ. ತಗ್ಗಿನ ಜಾಗ ಇಲ್ಲೂ ನೋಡಿಕೊಳ್ಳಬೇಕು. 2020ರ ಸೆಪ್ಟೆಂಬರ್ 20ರಂದು ಕಲ್ಸಂಕ, ಬೈಲಕೆರೆ ಕಡೆ ಮನೆಯೊಳಗೆ ನೀರು ನುಗ್ಗಿ ಜನರನ್ನು ದೋಣಿಯಲ್ಲಿ ಕರೆತರಬೇಕಾಯಿತು. ಕೃಷ್ಣ ಮಠದ ಪಾರ್ಕಿಂಗ್ ಹತ್ತಿರ ಮನೆ ಅಂದಾಗ ಅನುಕೂಲ ಅಂತ ಖುಷಿಪಡುವ ಮುಂಚೆ ಆ ದಿನ ಇಲ್ಲಿ ಎಷ್ಟು ನೀರು ಬಂದಿತ್ತು ಅಂತ ಕೇಳಿ.

ಮಣಿಪಾಲ ಗುಡ್ಡದ ಮೇಲೆ ಇದೆ. ಗಾಳಿ ಚೆನ್ನಾಗಿ ಬೀಸುತ್ತದೆ, ನೆರೆ ಇಲ್ಲ. 1953ರಲ್ಲಿ ಟಿ.ಎಂ.ಎ. ಪೈ ಅವರು ಕಟ್ಟಿದ ಕೆಎಂಸಿ ಇಡೀ ಕರಾವಳಿಗೆ, ಘಟ್ಟದ ಮೇಲಿನವರಿಗೂ ಆಧಾರ. ಹೃದಯದ ತೊಂದರೆ, ಕ್ಯಾನ್ಸರ್, ಡಯಾಲಿಸಿಸ್ ಅಂತ ಪದೇ ಪದೇ ಆಸ್ಪತ್ರೆಗೆ ಹೋಗಬೇಕಾದವರಿಗೆ ಮಣಿಪಾಲ, ಪರ್ಕಳ, ಪೆರಂಪಳ್ಳಿ ಕಡೆ ಮನೆ ಮಾಡುವುದೇ ಸರಿ. ಆದರೆ ಊರಿನ ಬಾಡಿಗೆ ನಿರ್ಧಾರ ಆಗುವುದು ವಿದ್ಯಾರ್ಥಿಗಳಿಂದ. ಮೂರು ನಾಲ್ಕು ಮಂದಿ ಸೇರಿ ಕೊಡುವ ಬಾಡಿಗೆಯನ್ನು ಒಂದು ಕುಟುಂಬ ಕೊಡಬೇಕಾಗುತ್ತದೆ, ಕ್ಯಾಂಪಸ್ ಹತ್ತಿರದ ಅಪಾರ್ಟ್‌ಮೆಂಟ್‌ನಲ್ಲಿ ರಾತ್ರಿ ಎರಡು ಗಂಟೆಯ ಗದ್ದಲವೂ ಜೊತೆಗೆ ಬರುತ್ತದೆ. ಮನೆಯಿಂದ ಕೆಲಸ ಮಾಡುವ ಹುಡುಗ ಹುಡುಗಿಯರಿಗೆ ಇದೇ ಊರು ಸಲೀಸು: ಒಳ್ಳೆಯ ಇಂಟರ್ನೆಟ್, ತಡರಾತ್ರಿವರೆಗೂ ಊಟ, ಯಾರು ಬಂದರು ಯಾರು ಹೋದರು ಅಂತ ಕೇಳುವವರು ಕಡಿಮೆ.

ಎರಡೂ ಕಡೆಗೆ ಒಂದು ಕೊರತೆ ಸಮಾನ. ವಿಮಾನ ಹಿಡಿಯಲು ಬಜಪೆಗೇ ಹೋಗಬೇಕು, ದಾರಿಯಲ್ಲಿ ಹೆಜಮಾಡಿ ಟೋಲ್. ರೈಲಿನ ವಿಷಯದಲ್ಲಿ ಮಾತ್ರ ಉಡುಪಿ ಹಿಂದೆ ಬಿದ್ದಿಲ್ಲ. ಇಂದ್ರಾಳಿ ಸ್ಟೇಶನ್ನಿಂದ ಮುಂಬೈಗೆ ಮತ್ಸ್ಯಗಂಧಾ, ಬೆಂಗಳೂರಿಗೆ ರಾತ್ರಿ ಪಂಚಗಂಗಾ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಬಸ್ಸು ನಿಂತಾಗ ರೈಲೇ ಗತಿ, ಕೆಲವೊಮ್ಮೆ ಸಕಲೇಶಪುರ–ಸುಬ್ರಹ್ಮಣ್ಯ ನಡುವೆ ಅದೂ ನಿಲ್ಲುತ್ತದೆ. ಜುಲೈಯಲ್ಲಿ ಬೆಂಗಳೂರಿನ ಆಫೀಸಿಗೆ ತಪ್ಪದೆ ಹೋಗಲೇಬೇಕಾದ ಕೆಲಸದವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಕುಂದಾಪುರ ಮತ್ತು ಕಡಲ ಬದಿ

ತುಳು ಬಾರದೆ ಹೇಗೆ ಅನ್ನುವ ಅಳುಕು ಹಲವರಿಗೆ. ಮಂಗಳೂರು, ಉಡುಪಿಯಲ್ಲಿ ನೀವು ಕನ್ನಡದಲ್ಲಿ ಮಾತಾಡಿದರೆ ಕನ್ನಡದಲ್ಲೇ ಉತ್ತರ ಬರುತ್ತದೆ, ಆದರೆ ಅಂಗಡಿಯಲ್ಲಿ, ಮದುವೆಮನೆಯಲ್ಲಿ ಅವರವರ ಮಾತು ತುಳು, ಕೊಂಕಣಿ, ಬ್ಯಾರಿಯಲ್ಲಿ ಸಾಗುತ್ತದೆ. ನಾಲ್ಕು ಮಾತು ತುಳು ಕಲಿತವರನ್ನು ಜನ ಬೇಗ ಹತ್ತಿರ ಮಾಡಿಕೊಳ್ಳುತ್ತಾರೆ. ಕುಂದಾಪುರದಲ್ಲಿ ಆ ಅಳುಕೇ ಬೇಡ. ಅಲ್ಲಿಯದು ಕನ್ನಡವೇ, ಕೇಳಿ ಅಭ್ಯಾಸವಾಗಲು ಸ್ವಲ್ಪ ದಿನ ಬೇಕು ಅಷ್ಟೆ.

ಜಾಗದ ಬೆಲೆ ಮಂಗಳೂರಿಗಿಂತ ಕಡಿಮೆ, ಹೊಳೆ, ಕಡಲು ಎರಡೂ ಪಕ್ಕದಲ್ಲಿ. ಆದರೆ ದೊಡ್ಡ ಕಾಯಿಲೆಗೆ ಮಣಿಪಾಲಕ್ಕೇ ಓಡಬೇಕು, ಕುಂದಾಪುರದಿಂದಲೇ ಸುಮಾರು 40 ಕಿಲೋಮೀಟರ್, ಬೈಂದೂರಿನಿಂದ ಇನ್ನೂ ದೂರ. ಎಪ್ಪತ್ತು ದಾಟಿದವರಿಬ್ಬರೇ ಕಡಲ ಬದಿಯ ಒಂಟಿ ಮನೆಯಲ್ಲಿ ಇರುವ ಯೋಚನೆ ನನಗೆ ಒಪ್ಪಿಗೆ ಇಲ್ಲ.

ಕಡಲಿಗೆ ಮುಖ ಮಾಡಿದ ಮನೆ ಎಲ್ಲರ ಕನಸು. ಉಪ್ಪುಗಾಳಿ ಆ ಕನಸಿನ ಖರ್ಚನ್ನು ವರ್ಷ ವರ್ಷ ವಸೂಲಿ ಮಾಡುತ್ತದೆ. ಗ್ರಿಲ್ಲು, ಗೇಟು, ಬೈಕಿನ ಸೈಲೆನ್ಸರ್, ಎಸಿಯ ಹೊರಗಿನ ಯೂನಿಟ್ ಎಲ್ಲಕ್ಕೂ ತುಕ್ಕು. ಉಳ್ಳಾಲದ ಸೋಮೇಶ್ವರ, ಉಚ್ಚಿಲದಿಂದ ಹಿಡಿದು ಮರವಂತೆವರೆಗೆ ಹಲವು ಕಡೆ ಕಡಲ್ಕೊರೆತ ಇದೆ, ಕಲ್ಲು ಹಾಕಿದರೂ ಅಲೆ ಎಳೆದುಕೊಂಡು ಹೋಗುತ್ತದೆ. ಕಾನೂನೂ ಇದೆ: ಉಬ್ಬರದ ನೀರು ಮುಟ್ಟುವ ಗೆರೆಯಿಂದ 500 ಮೀಟರ್ ಒಳಗೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ, ಉಬ್ಬರದ ನೀರು ಬರುವ ಹೊಳೆಯ ಬದಿಗೂ ಅದು ಅನ್ವಯ. ಬ್ರೋಕರ್ ಏನೇ ಹೇಳಲಿ, ಅನುಮತಿ ಕೈಗೆ ಬಾರದೆ ಮುಂಗಡ ಕೊಡಬೇಡಿ. ಕಡಲಿಂದ ಎರಡು ಮೂರು ಕಿಲೋಮೀಟರ್ ಒಳಗೆ ಮನೆ ಮಾಡಿ ಸಂಜೆ ಸ್ಕೂಟರಿನಲ್ಲಿ ಕಡಲಿಗೆ ಹೋಗುವುದೇ ಲೇಸು.

ಗೋವಾ?

ಕೊಂಕಣಿ ಮನೆಮಾತಿನವರಿಗೆ, ಹೋಟೆಲ್, ಪ್ರವಾಸದ ಕೆಲಸದವರಿಗೆ ಗೋವಾ ನಿಜವಾಗಿಯೂ ಒಳ್ಳೆಯ ಆಯ್ಕೆ. ದಾಬೋಲಿಂ ಜೊತೆಗೆ 2023ರಿಂದ ಮೋಪಾ ವಿಮಾನ ನಿಲ್ದಾಣವೂ ಇದೆ, ಬಾಂಬೋಳಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, 2023ರ ಡಿಸೆಂಬರ್‌ನಲ್ಲಿ ಶುರುವಾದ ವಂದೇ ಭಾರತ್ ಮಂಗಳೂರಿನಿಂದ ಮಡಗಾಂವಿಗೆ ಅರ್ಧ ದಿನದೊಳಗೆ ತಲುಪಿಸುತ್ತದೆ. ಆದರೆ ದಿಲ್ಲಿ, ಮುಂಬೈಯವರು ಎರಡನೇ ಮನೆ ಅಂತ ಕೊಂಡು ಉತ್ತರ ಗೋವಾದ ಬೆಲೆ ಮೇಲಕ್ಕೆ ಹೋಗಿದೆ, ಸಂಜೆ ಮೇಲೆ ಬಸ್ಸು ಕಡಿಮೆ, ಟ್ಯಾಕ್ಸಿ ದುಬಾರಿ. ಒಂದು ವರ್ಷಕ್ಕಿಂತ ಹೆಚ್ಚು ಇದ್ದರೆ ಕರ್ನಾಟಕದ ಕಾರನ್ನು ಅಲ್ಲಿ ಮರುನೋಂದಣಿ ಮಾಡಿಸಬೇಕು. ಮಕ್ಕಳಿಗೆ ಕನ್ನಡ ಶಾಲೆ ಸಿಗುವುದು ಕಷ್ಟ. ಮಳೆ, ಸೆಕೆ, ತುಕ್ಕು ಇವುಗಳಲ್ಲಿ ನಮಗೂ ಅವರಿಗೂ ವ್ಯತ್ಯಾಸ ಇಲ್ಲ. ಅಲ್ಲಿ ಕೆಲಸ ಗಟ್ಟಿ ಇದ್ದರೆ ಹೋಗಿ, ಬರೀ ಕಡಲಿಗಾಗಿ ಆದರೆ ಬೇಡ.

ದುಡ್ಡು ಕೊಡುವ ಮುಂಚೆ

ಬಾಡಿಗೆ ಮನೆ ಕೇಳುವಾಗ ಕೆಲವು ಮಾಲೀಕರು ಜಾತಿ, ಧರ್ಮ, ಮೀನು ಮಾಂಸ ತಿನ್ನುತ್ತೀರಾ ಅಂತ ವಿಚಾರಿಸುತ್ತಾರೆ. ಮಂಗಳೂರು, ಉಡುಪಿ ಎರಡೂ ಊರಲ್ಲಿ ಇದೆ, ಉಡುಪಿ ಮಠದ ಸುತ್ತಮುತ್ತ ಜಾಸ್ತಿ. ಫೋನಿನಲ್ಲೇ ಕೇಳಿ ಮುಗಿಸಿದರೆ ಸುತ್ತಾಟ ಉಳಿಯುತ್ತದೆ. ಆಗಾಗ ಕೋಮು ಗಲಾಟೆಯಾಗಿ ಅಂಗಡಿ ಮುಚ್ಚುವುದು, ನಿಷೇಧಾಜ್ಞೆ ಬರುವುದು ಈ ಕರಾವಳಿಯ ನೋವಿನ ಭಾಗ. ಅದನ್ನು ಮುಚ್ಚಿಟ್ಟು ಊರು ಹೊಗಳಲು ನನಗೆ ಮನಸ್ಸಿಲ್ಲ. ಅದೇ ಬೀದಿಯಲ್ಲಿ ಎಲ್ಲ ಮತದವರೂ ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಓಡಾಡುವುದೂ ನಿಜ. ಮನೆ ನೋಡುವಾಗ ಅಕ್ಕಪಕ್ಕದವರ ಜೊತೆ ಮಾತಾಡಿದರೆ ಆ ಬೀದಿ ಹೇಗೆ ಅಂತ ತಿಳಿಯುತ್ತದೆ.

ಜಾಗ ಕೊಳ್ಳುವವರು ಕುಮ್ಕಿ ಬಗ್ಗೆ ಎಚ್ಚರ ಇರಲಿ. ವರ್ಗ ಜಾಗಕ್ಕೆ, ಅಂದರೆ ಖಾಸಗಿ ಪಟ್ಟಾ ಜಾಗಕ್ಕೆ, ತಾಗಿದ ಸರ್ಕಾರಿ ಭೂಮಿ ಅದು. ಸೊಪ್ಪು, ಕಟ್ಟಿಗೆ ತೆಗೆಯುವ ಸವಲತ್ತು ಪಕ್ಕದ ವರ್ಗದಾರರಿಗೆ ಇದೆ, ಮಾರುವ ಹಕ್ಕಿಲ್ಲ. ಒಟ್ಟು ಮೂವತ್ತು ಸೆಂಟ್ಸ್ ಅಂತ ತೋರಿಸಿದ ಜಾಗದಲ್ಲಿ ಪಹಣಿ ಪ್ರಕಾರ ಎಷ್ಟು ಅಂತ ಅಳತೆ ಮಾಡಿಸಿ. ಕನ್ವರ್ಶನ್ ಆದೇಶ, ಋಣಭಾರ ಪತ್ರ, ಪಂಚಾಯತ್ ವ್ಯಾಪ್ತಿಯಾದರೆ 9 ಮತ್ತು 11 ನಮೂನೆಯ ಆಸ್ತಿ ದಾಖಲೆ, ಇವಿಷ್ಟನ್ನು ಊರಿನ ವಕೀಲರಿಗೆ ತೋರಿಸದೆ ಸಹಿ ಬೇಡ.

ಆದಷ್ಟು ಮಟ್ಟಿಗೆ ಮೊದಲ ವರ್ಷ ಬಾಡಿಗೆಗೇ ಇರಿ, ಅದೂ ಏಪ್ರಿಲ್‌ನಲ್ಲೇ ಬಂದು ಇಳಿಯಿರಿ. ಹಾಗೆ ಬಂದರೆ ಬಾವಿ ಬತ್ತುವುದು, ಜೂನ್ ಮೊದಲ ವಾರದ ಸಿಡಿಲು, ಕರೆಂಟ್ ಹೋಗುವುದು, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ ಇದ್ದು ಮೀನಿನ ಬೆಲೆ ಏರುವುದು ಎಲ್ಲವನ್ನೂ ಮೊದಲ ನಾಲ್ಕು ತಿಂಗಳಲ್ಲೇ ನೋಡಿ ಆಗುತ್ತದೆ. ಮನೆಯಿಂದ ಕೆಲಸ ಮಾಡುವವರು ಇನ್ವರ್ಟರ್ ಮತ್ತು ಬೇರೆ ಬೇರೆ ಕಂಪನಿಯ ಎರಡು ಇಂಟರ್ನೆಟ್ ಕನೆಕ್ಷನ್ ಮೇ ಮುಗಿಯುವುದರೊಳಗೆ ಹಾಕಿಸಿಕೊಳ್ಳಿ. ಮಳೆ ಶುರುವಾದ ಮೇಲೆ ಲೈನ್‌ಮನ್‌ಗಳಿಗೂ ಕೇಬಲ್‌ನವರಿಗೂ ಬಿಡುವಿರುವುದಿಲ್ಲ.